ಅಂದಿನ ಹಾಡು, ಅಂದಿನ ಕೂಟ

"ನಮ್ಮ ಕಾಲದ ಹಾಡು ಹಾಡಾಗಿದ್ದವು, ಈಗಿನವು ಬರಿಯ ಗದ್ದಲ." ಈ ಮಾತನ್ನು ನೀವು ಒಮ್ಮೆಯಾದರೂ ಆಡಿರಬೇಕು. ಆಡಿರದಿದ್ದರೆ ನಿಮಗೆ ಇನ್ನೂ ವಯಸ್ಸಾಗಿಲ್ಲವೆಂದು ತಿಳಿಯಬೇಕು. ನಿಮ್ಮ ಸರದಿ ಮುಂದೆ ಬರುವುದಿದೆ. ಗೋಕಾಕದಲ್ಲಿ ಕರದಂಟಿನ ಅಂಗಡಿಯ ಮುಂದೆ ನಿಂತವರಾಗಲಿ, ಮೂಡಲಗಿಯ ಸಂತೆಗೆ ಬಂದವರಾಗಲಿ, ಹುಕ್ಕೇರಿಯಲ್ಲಿ ಸಂಕೇಶ್ವರದ ಬಸ್ಸಿಗಾಗಿ ಕಾದು ಕುಳಿತವರಾಗಲಿ, ಐವತ್ತು ದಾಟಿದ ಇಬ್ಬರು ಕೂಡಿದರೆಂದರೆ ಮಳೆ-ಬೆಳೆ, ಕಬ್ಬಿನ ದರ, ಮೊಮ್ಮಕ್ಕಳ ಸುದ್ದಿ ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಇಲ್ಲಿಯೇ: ಆ ಸಿನಿಮಾ, ಆ ಹಾಡು, ಆ ರೇಡಿಯೋ.

ಈ ಮಾತಿನಲ್ಲಿ ಸತ್ಯವೆಷ್ಟು, ಮೋಹವೆಷ್ಟು ಎಂಬುದನ್ನು ನಿಮ್ಮೊಡನೆ ಕುಳಿತು ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ. ಹೋದದ್ದಕ್ಕಾಗಿ ಹಂಬಲಿಸುವುದು ಮನುಷ್ಯನಿಗೆ ಸಹಜ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯೊಬ್ಬನು ಬಾಸೆಲ್ ನಗರದಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ಗ್ರೀಕ್ ಶಬ್ದಗಳಿಂದ 'ನಾಸ್ಟಾಲ್ಜಿಯಾ' ಎಂಬ ಹೆಸರನ್ನು ಕಟ್ಟಿದನು. ಆತನಿಗೆ ಅದು ರೋಗವಾಗಿ ಕಂಡಿತ್ತು: ಊರು ಬಿಟ್ಟು ದೂರ ಹೋದ ಸ್ವಿಸ್ ಜನರಿಗೆ ತಗಲುವ, ಊಟ-ನಿದ್ದೆಗಳನ್ನು ಕೆಡಿಸುವ ರೋಗ. ನಮ್ಮವರು ಅದಕ್ಕೆ ಔಷಧ ಹುಡುಕಲು ಹೋಗದೆ 'ಹಳಹಳಿ' ಎಂದು ಕರೆದು ಸುಮ್ಮನಾದರು. ಇಂದಿನ ಮನಃಶಾಸ್ತ್ರಜ್ಞರು ಇನ್ನೊಂದು ಸಂಗತಿಯನ್ನು ಕಂಡುಕೊಂಡಿದ್ದಾರೆ. ವಯಸ್ಸಾದವರನ್ನು ಅವರ ಬಾಳಿನ ನೆನಪುಗಳ ಬಗ್ಗೆ ಕೇಳಿದರೆ, ಹತ್ತರಿಂದ ಮೂವತ್ತರವರೆಗಿನ ವರ್ಷಗಳ ನೆನಪುಗಳೇ ಹೆಚ್ಚು ದಟ್ಟವಾಗಿ ಬರುತ್ತವಂತೆ. ಹಾಡಿನ ಮಾತೂ ಹಾಗೆಯೇ. ಹಾಗಾದರೆ ಆ ಹಾಡು ದೊಡ್ಡದಾಗಿದ್ದಿತೋ, ಇಲ್ಲವೆ ನಾವು ಚಿಕ್ಕವರಾಗಿದ್ದೆವೋ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಸಿನಿಮಾಕ್ಕಿಂತಲೂ ಹಳೆಯದು. ನಮ್ಮ ಅಜ್ಜಂದಿರಿಗೆ 'ಅಂದಿನ ಹಾಡು' ಎಂದರೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನು ರಚಿಸಿದ ಪಾರಿಜಾತವನ್ನು ಬಯಲಿನಲ್ಲಿ ಆಡುವ ಆಟವಾಗಿ ಹೊಂದಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡವು ಬಹುಕಾಲ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಊರು. ನಾರದನು ತಂದ ಒಂದು ಹೂವು, ಅದು ರುಕ್ಮಿಣಿಯ ಮುಡಿಗೇರಿದ್ದಕ್ಕೆ ಸತ್ಯಭಾಮೆಯ ಸಿಟ್ಟು, ನಡುವೆ ಸಿಕ್ಕುಬಿದ್ದ ಕೃಷ್ಣ, ಇಷ್ಟೇ ಕಥೆ. ಆದರೆ ಅದನ್ನು ಹೇಳಲು ಇಡೀ ರಾತ್ರಿ ಬೇಕು. ಗಣಪತಿಯ ಸ್ತುತಿಯಿಂದ ಮೊದಲಾಗಿ, ಗೊಲ್ಲತಿಯೊಡನೆ ಭಾಗವತನ ಸರಸದ ಮಾತು ನಡೆದು, ಭಾಮೆಯ ವಿರಹದ ಪದಗಳು ಏರುವ ಹೊತ್ತಿಗೆ ನಡುರಾತ್ರಿ ಮೀರಿರುವುದು. ಕಂಬಳಿ ಹೊದ್ದು ಕುಳಿತ ಜನ ಏಳುತ್ತಿದ್ದಿಲ್ಲ. ಹೆಣ್ಣುಮಕ್ಕಳು ರಂಗಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಕೌಜಲಗಿಯ ನಿಂಗಮ್ಮ ಆ ಬಯಲಿನಲ್ಲಿ ನಿಂತು ಹಾಡಿ ನಾಡಿನಲ್ಲೆಲ್ಲ ಹೆಸರಾದಳು.

ಇಂಥ ಪಾರಿಜಾತವನ್ನು ಕೇಳಿ ಬೆಳೆದವರ ಕಿವಿಗೆ ಗ್ರಾಮೋಫೋನು ಬಂದಾಗ ಏನಾಯಿತು ಬಲ್ಲಿರಾ? "ಇದೇನೋ ತಮ್ಮಾ, ಪೆಟಗ್ಯಾಗಿನ ಹಾಡು! ಮೂರು ಮಿನಿಟಿಗೆ ಮುಗೀತಂದ್ರ ಅದೆಂಥಾ ಹಾಡೋ?" ನಮ್ಮ ಮನೆಯ ಹಿರಿಯರ ಬಾಯಿಂದ ನಾನು ಕೇಳಿದ ಮಾತಿದು. ಆ ಕಾಲದ ಮುದ್ರಿಕೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ಮಿನಿಟಿನ ಹಾಡು ಮಾತ್ರ. ಇಡೀ ರಾತ್ರಿಯ ಊಟ ಉಂಡವರಿಗೆ ಅದು ಒಂದು ತುತ್ತು. ಇಂದು ನಾವು ಮೊಮ್ಮಕ್ಕಳ ಮೊಬೈಲಿನ ಅರ್ಧ ಮಿನಿಟಿನ ಹಾಡನ್ನು ಕಂಡು ಹುಬ್ಬು ಗಂಟಿಕ್ಕುತ್ತೇವಲ್ಲ, ಅದೇ ಹುಬ್ಬು, ಅದೇ ಗಂಟು.

ಬೋಲಪಟ ಬಂದುದೂ ಹೀಗೆಯೇ. ಈ ಭಾಗ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಹುಕ್ಕೇರಿಯಿಂದ ಸಂಕೇಶ್ವರ, ನಿಪ್ಪಾಣಿ ದಾಟಿದರೆ ಕೊಲ್ಲಾಪುರ. 1929ರಲ್ಲಿ ಪ್ರಭಾತ ಫಿಲ್ಮ್ ಕಂಪನಿ ಹುಟ್ಟಿದುದು ಅಲ್ಲಿ. 1933ರಲ್ಲಿ ಅದು ಪುಣೆಗೆ ಹೋಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣಗೊಂಡುದೂ ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿಯೇ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ತೆರೆಕಂಡಿತು. ಹೀಗೆ ನಮ್ಮವರ ಕಿವಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಕೂಡಿಯೇ ಬಂದವು. 1936ರ 'ಸಂತ ತುಕಾರಾಮ'ವನ್ನು ಕಂಡು ಕಣ್ಣೀರಿಟ್ಟವರು, 1943ರ 'ಕಿಸ್ಮತ್' ಚಿತ್ರದ ಹಾಡುಗಳನ್ನು ಗುನುಗಿದರು. ಅದರಲ್ಲಿ ಹಾಡಿದ ಅಮೀರಬಾಯಿ ಕರ್ನಾಟಕಿ ಬೀಳಗಿಯ ಹೆಣ್ಣುಮಗಳೆಂಬ ಅಭಿಮಾನ ಬೇರೆ.

ಇನ್ನು ಟೂರಿಂಗ್ ಟಾಕೀಸು. ಅದನ್ನು ನೋಡಿದವರಿಗೆ ನಾನು ವರ್ಣಿಸಬೇಕಾದುದಿಲ್ಲ. ನೋಡದವರಿಗೆ ವರ್ಣಿಸಿ ತಿಳಿಯುವಂತಹದಲ್ಲ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಡೇರೆ ಏಳುವುದು. ಸಂಜೆಗೆ ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿತೆಂದರೆ ರೊಟ್ಟಿ ಬಡಿಯುವ ಕೈ ಚುರುಕಾಗುವುದು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವವರೆಗೆ ದೀಪ ಹತ್ತುವುದು. ಆ ಹೊತ್ತಿನಲ್ಲಿ ಶೇಂಗಾ ತಿನ್ನುತ್ತ ಮುಂದೆ ಏನಾಗುವುದೆಂಬ ವಾದ. ಹೊರಬರುವಾಗ ನಾಲ್ಕು ಕಾಸಿಗೆ ಹಾಡಿನ ಪುಸ್ತಕ. 1961ರ 'ಕಿತ್ತೂರು ಚೆನ್ನಮ್ಮ'ನನ್ನು ಬೆಳಗಾವಿ ಜಿಲ್ಲೆಯ ಜನ ಮನೆಯ ಮಗಳನ್ನು ನೋಡುವಂತೆ ನೋಡಿದರು. 1972ರ 'ಬಂಗಾರದ ಮನುಷ್ಯ'ವನ್ನು ಕಂಡು ಬಂದವರು ತಮ್ಮ ಹೊಲದ ಬದುವಿನ ಮೇಲೆ ನಿಂತು ಇದನ್ನೂ ಹಾಗೆ ಮಾಡಬಹುದಲ್ಲವೇ ಎಂದುಕೊಂಡರು.

ರೇಡಿಯೋದ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ಹೇಳುವುದು ಗೌಡರ ಮನೆಗೆ ಬೆಲ್ಲ ಒಯ್ದಂತೆ. ಆದರೂ ಒಂದೆರಡು ಮಾತು. ಧಾರವಾಡದ ಬಾನುಲಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ರೇಡಿಯೋ ಇಡಬೇಕಾದರೆ ಅಂಚೆಯ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸನ್ಸಿನ ಹಣ ಕಟ್ಟಬೇಕಾಗಿದ್ದಿತು. ಇಡೀ ಓಣಿಗೆ ಒಂದು ಪೆಟ್ಟಿಗೆ; ಮಾಳಿಗೆಯ ಮೇಲೆ ತಂತಿ; ಗುಂಡಿ ತಿರುವಿದರೆ ಒಳಗಿನ ಕೊಳವೆಗಳು ಕಾಯ್ದ ಮೇಲೆಯೇ ದನಿ. 1952ರಲ್ಲಿ ಆಗಿನ ಮಂತ್ರಿಗಳಾದ ಕೇಸಕರರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮರೆಯಾದಾಗ, ಅದೇ ವರ್ಷದ ಕೊನೆಗೆ ಸಿಲೋನಿನಿಂದ ಬಿನಾಕಾ ಗೀತಮಾಲಾ ಹೊರಟಿತು. ನಮ್ಮ ಜನ ಗುಂಡಿಯನ್ನು ಅತ್ತ ತಿರುವಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂದು ಹಾಡನ್ನು ಮರಳಿ ಮನೆಗೆ ಕರೆತಂದಿತು. ಇಂದು ನಾವು ಮಾಧುರ್ಯದ ಪರಮಾವಧಿಯೆಂದು ಕೊಂಡಾಡುವ ಆ ಹಾಡುಗಳೇ ಅಂದು ಹಿರಿಯರ ಕಣ್ಣಿಗೆ ರುಚಿ ಕೆಡಿಸುವ ಹಾಡುಗಳಾಗಿದ್ದವೆಂಬುದನ್ನು ಮರೆಯಲಾಗದು.

ದೂರದರ್ಶನ ಬರುವುದಕ್ಕೆ ಮೊದಲು ವಿದ್ಯುತ್ತು ಬರಬೇಕಷ್ಟೆ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಈ ಬಗೆಯ ಮೊದಲ ಕೆಲವೇ ಸಂಘಗಳಲ್ಲಿ ಅದೂ ಒಂದು. ಊರವರೇ ಸದಸ್ಯರಾಗಿ ಹಳ್ಳಿಗಳಿಗೆ ತಂತಿ ಎಳೆದುಕೊಂಡರು. ನೀರಿನ ಪಂಪಿಗೆ, ಹಿಟ್ಟಿನ ಗಿರಣಿಗೆ ಬಂದ ವಿದ್ಯುತ್ತು ಮುಂದೆ ಟಿ.ವಿ.ಗೂ ಬಂದಿತು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು. 1987ರ ಜನವರಿಯಿಂದ 1988ರ ಜುಲೈವರೆಗೆ ರವಿವಾರ ಮುಂಜಾನೆ 'ರಾಮಾಯಣ'. ಟಿ.ವಿ. ಇದ್ದ ಮನೆಯವರಿಗೆ ಅಂದು ಮನೆ ತಮ್ಮದಲ್ಲ. ಪಡಸಾಲೆ ತುಂಬಿ, ಕಿಡಿಕಿಯ ಸರಳು ಹಿಡಿದು ನಿಂತವರು ಬೇರೆ. ಕೆಲವರು ಪೆಟ್ಟಿಗೆಗೆ ಹೂವು ಏರಿಸಿ ಊದುಬತ್ತಿ ಹಚ್ಚುತ್ತಿದ್ದರು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬಂದೆ. ಅದೇ 'ರಾಮಾಯಣ'ವು 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾದ ಲಾಕ್‌ಡೌನ್ ಕಾಲದಲ್ಲಿ, ಮತ್ತೆ ಪ್ರಸಾರವಾಯಿತು. ನೀವೂ ನೋಡಿರಬಹುದು. ಅದೇ ರಾಮ, ಅದೇ ಸೀತೆ, ಅದೇ ಸಂಗೀತ. ಒಂದು ಅಕ್ಷರ ಬದಲಾಗಿರಲಿಲ್ಲ. ಆದರೂ ಅನೇಕರು, ಅದೇಕೋ ಅಂದಿನ ರುಚಿ ಬರಲಿಲ್ಲವೆಂದರು. ಏಕೆ ಬರಲಿಲ್ಲ? ಪಡಸಾಲೆಯಲ್ಲಿ ನೆರೆಯವರಿರಲಿಲ್ಲ. ನೆರೆಯವರು ಹೊಸ್ತಿಲು ದಾಟಬಾರದೆಂಬ ದಿನಗಳವು. ಆಟ ಮರಳಿ ಬಂದಿತು, ಕೂಟ ಬರಲಿಲ್ಲ. ನಾವು ಹಂಬಲಿಸುವುದು ಹಾಡಿಗಲ್ಲ, ಹಾಡಿನ ಸುತ್ತ ಕುಳಿತಿದ್ದ ಜನಕ್ಕೆ. ಪಾರಿಜಾತದ ಕಂಬಳಿಯ ಸಾಲು, ಟಾಕೀಸಿನ ನೆಲ, ರೇಡಿಯೋದ ಕಟ್ಟೆ, ಟಿ.ವಿ.ಯ ಪಡಸಾಲೆ: ನಾಲ್ಕರಲ್ಲಿಯೂ ಸಮಾನವಾಗಿದ್ದುದು ಅದೊಂದೇ.

ಹಾಗೆಂದು ಆ ಕೂಟವನ್ನು ಬಂಗಾರದ ನೀರಿನಲ್ಲಿ ಅದ್ದುವುದೂ ಬೇಡ. ಅಲ್ಲಿ ಎಲ್ಲರಿಗೂ ಒಂದೇ ಸ್ಥಾನವಿರಲಿಲ್ಲ. ಕಿಡಿಕಿಯ ಹೊರಗೆ ನಿಂತು ನೋಡಿದವರೆಲ್ಲ ಜಾಗವಿಲ್ಲದೆ ನಿಂತವರಲ್ಲ. ಜಾತಿಯ ಕಾರಣದಿಂದ ಒಳಗೆ ಕರೆಯಿಸಿಕೊಳ್ಳದೆ ನಿಂತವರೂ ಇದ್ದರು. ಒಲೆಯ ಮುಂದಿನಿಂದ ಏಳಲಾಗದೆ ಬರಿಯ ದನಿಯನ್ನು ಕೇಳಿದ ತಾಯಂದಿರೂ ಇದ್ದರು. ಇಂದು ನಿಮ್ಮ ಮನೆಯ ಹುಡುಗಿ ತನ್ನ ಫೋನಿನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ತನಗೆ ಬೇಕಾದ ಹಾಡನ್ನು ಕೇಳುತ್ತಾಳೆಂದರೆ ಅದು ಸಣ್ಣ ಲಾಭವಲ್ಲ. ಅವಳನ್ನು ಗದರಿಸಬೇಡಿ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ನಾವು ಹಳಹಳಿಸುವ ಸಿನಿಮಾ ಹಾಡುಗಳು ಬಹುಮಟ್ಟಿಗೆ ಉಳಿದಿವೆ. ಬೆರಳು ಒತ್ತಿದರೆ ಬರುತ್ತವೆ. ಉಳಿದದ್ದಕ್ಕಾಗಿ ನಾವು ಅಳುತ್ತೇವೆ. ಅಳಿದುಹೋಗುತ್ತಿರುವುದರ ಕಡೆಗೆ ನಮ್ಮ ಲಕ್ಷ್ಯವಿಲ್ಲ. ಯಂತ್ರದಲ್ಲಿ ಸೆರೆಯಾದದ್ದು ಸಹ ಕಾಯುವವರಿಲ್ಲದಿದ್ದರೆ ಉಳಿಯದು. ನಮ್ಮ ಸೀಮೆಯ ನೆರೆಯಲ್ಲಿಯೇ ತಯಾರಾದ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಇಂದು ಇಲ್ಲ. ಹೀಗಿರುವಾಗ ಎಂದೂ ಯಂತ್ರದ ಮುಂದೆ ಕೂಡದ ದನಿಗಳ ಪಾಡೇನು? ಊರೂರಿನ ಪಾರಿಜಾತದ ಮೇಳಗಳಲ್ಲಿ ಭಾಮೆಯ ಪದವನ್ನು ಒಬ್ಬೊಬ್ಬರು ಒಂದೊಂದು ಧಾಟಿಯಲ್ಲಿ ಹಾಡುತ್ತಿದ್ದರು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ನಮ್ಮ ಆಯಿ ಹಾಡುತ್ತಿದ್ದ ಹಾಡು ಆಕೆಯೊಡನೆಯೇ ಹೋಯಿತು.

ಇದನ್ನು ತಡೆಯಲು ಸಾಧ್ಯವೆಂಬುದಕ್ಕೆ ನಮ್ಮಲ್ಲಿಯೇ ದೃಷ್ಟಾಂತಗಳಿವೆ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಬಳಿ ಕುಳಿತು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಅವರ ಬಳಿ ಕಾಗದ ಮತ್ತು ಲೇಖಣಿಯ ಹೊರತು ಬೇರೆ ಉಪಕರಣವಿರಲಿಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು ಹಳ್ಳಿಯ ಮಾತಿನಲ್ಲಿಯೇ ಕವಿತೆ ಕಟ್ಟಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಬಯಲಾಟವನ್ನು ಕೇಳಿ ಬೆಳೆದವರು. ಅವರೇ ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರಕ್ಕೆ ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಹಳೆಯ ಧಾಟಿಗೆ ಕಿವಿಗೊಟ್ಟವನೊಬ್ಬನಿದ್ದರೆ ಅದು ಹೊಸ ಕಾಲಕ್ಕೂ ನಡೆದು ಬರುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ಹುಡುಗರು ಹಿಡಿದಿರುವ ಫೋನನ್ನು ಬೈಯುವ ಬದಲು, ಅದನ್ನು ಈ ಕೆಲಸಕ್ಕೆ ಹಚ್ಚಿರಿ. ಒಂದು ರವಿವಾರ ಮನೆಯ ಹಿರಿಯರನ್ನು ನಡುವೆ ಕುಳ್ಳಿರಿಸಿರಿ. ಫ್ಯಾನು ಆರಿಸಿರಿ, ಟಿ.ವಿ. ಆರಿಸಿರಿ. ಅವರಿಗೆ ಬರುವುದು ಪಾರಿಜಾತದ ಪದವಾಗಲಿ, ಸೋಬಾನೆಯಾಗಲಿ, ಹಂತಿಯ ಹಾಡಾಗಲಿ, ನಡುವೆ ಬಾಯಿ ಹಾಕದೆ ಪೂರ್ತಿ ಹಾಡಗೊಡಿರಿ. ಮರೆತಲ್ಲಿ ಮರೆಯಲಿ, ನೆನಪಾದಾಗ ಮತ್ತೆ ಹಾಡಲಿ. ಕೊನೆಗೆ ಹಾಡಿದವರ ಹೆಸರು, ಊರು, ಅದನ್ನು ಯಾರಿಂದ ಕಲಿತರು, ಎಂದು ಹಾಡಿಸಿದಿರಿ, ಇಷ್ಟನ್ನು ಅದೇ ದನಿಯಲ್ಲಿ ಹೇಳಿಸಿ ಸೇರಿಸಿರಿ. ಒಂದೇ ಪ್ರತಿಯನ್ನು ನಂಬಬೇಡಿ. ಇನ್ನೆರಡು ಕಡೆ ಇರಿಸಿರಿ. ನೆರೆಯವರನ್ನೂ ಕರೆಯಿರಿ, ಕಿಡಿಕಿಯ ಹೊರಗೆ ಯಾರನ್ನೂ ನಿಲ್ಲಿಸದೆ ಒಳಗೆ ಕರೆಯಿರಿ. ಅಂದು ಕಳೆದುಹೋಯಿತೆಂದು ನಾವು ಹಳಹಳಿಸುವ ಕೂಟ ಅಷ್ಟು ಹೊತ್ತಾದರೂ ನಿಮ್ಮ ಪಡಸಾಲೆಗೆ ಮರಳಿ ಬಂದಿರುತ್ತದೆ.

ಹಳೆಯ ಹಾಡನ್ನು ಹೊಗಳಲು ನಮಗೆ ಇನ್ನೂ ಬೇಕಾದಷ್ಟು ದಿನಗಳಿವೆ. ಅದನ್ನು ಹಾಡಬಲ್ಲವರಿಗೆ ಅಷ್ಟು ದಿನಗಳಿಲ್ಲ.