ದೇಹಾಂತರದ ಆಟ

ಈ ಮೇಳವನ್ನು ಬಹು ಶ್ರಮವಹಿಸಿ ಅಣಿಗೊಳಿಸಿದ ಮಿತ್ರರೆ, ಭಾಷಣ ಮುಗಿದೊಡನೆ ಆಟಕ್ಕೆ ಕುಳಿತುಕೊಳ್ಳಬೇಕೆಂಬ ತವಕದಿಂದ ದಾಳಗಳನ್ನು ಕೈಯಲ್ಲಿ ಹಿಡಿದೇ ಬಂದಿರುವ ತರುಣ ತರುಣಿಯರೆ,

ಈ ಮಂಟಪದಲ್ಲಿ ಹಲವು ಬಗೆಯ ಆಟಗಳು ನಡೆಯಲಿರುವುವಾದರೂ ನನ್ನ ಮಾತನ್ನು ಅವುಗಳಲ್ಲಿ ಒಂದಕ್ಕೇ ಮೀಸಲಿಡಲು ತಮ್ಮ ಅನುಮತಿಯನ್ನು ಬೇಡುತ್ತೇನೆ. ಅಮೆರಿಕದಲ್ಲಿ ರಾಬ್ ಬಾಯ್ಲ್, ಬ್ರಯಾನ್ ಕ್ರಾಸ್ ಮೊದಲಾದವರು ಕೂಡಿ ರಚಿಸಿ 2009ರಲ್ಲಿ ಪ್ರಕಟಿಸಿದ, 2019ರಲ್ಲಿ ಎರಡನೆಯ ಆವೃತ್ತಿಯನ್ನು ಕಂಡ ‘ಎಕ್ಲಿಪ್ಸ್ ಫೇಸ್’ ಎಂಬ ಆಟವದು. ಮರಣವನ್ನು ಗೆದ್ದ ಮನುಷ್ಯನು ಅನ್ಯಾಯವನ್ನೂ ಗೆದ್ದಾನೆಯೆ ಎಂಬ ಪ್ರಶ್ನೆಯನ್ನು ಇಷ್ಟು ನಿಷ್ಠುರವಾಗಿ ಕೇಳುವ ಬೇರೊಂದು ಆಟವನ್ನು ನಾನು ಕಂಡಿಲ್ಲ.

ಪಾತ್ರಾಭಿನಯದ ಆಟವೆಂದರೇನೆಂದು ಸಭೆಯಲ್ಲಿರುವ ಹಿರಿಯರು ಕೇಳಬಹುದು. ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಉತ್ತರವು ಕಷ್ಟವಾಗದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು ಪದ್ಯವೊಂದನ್ನು ಹಾಡಿ ಸಂದರ್ಭವನ್ನು ಕಟ್ಟಿಕೊಟ್ಟೊಡನೆ ಒಬ್ಬ ಅರ್ಥಧಾರಿಯು ಕುಳಿತಲ್ಲೇ ಕರ್ಣನಾಗಿ, ಇದಿರಿನವನು ಕೃಷ್ಣನಾಗಿ, ಬರೆದಿಟ್ಟ ಒಂದು ಮಾತೂ ಇಲ್ಲದೆ ಇರುಳಿಡೀ ವಾದಿಸಬಲ್ಲರು. ಆಟವನ್ನು ನಡೆಸುವ ಗೇಮ್ ಮಾಸ್ಟರನು ಸಂದರ್ಭವನ್ನು ಹೂಡುವುದೂ, ಮೇಜಿನ ಸುತ್ತ ಕುಳಿತ ನಾಲ್ಕೈದು ಮಂದಿ ತಮ್ಮ ತಮ್ಮ ಪಾತ್ರವಾಗಿ ಮಾತಾಡುವುದೂ ಅದೇ ಜಾತಿಯ ಕಲೆ. ಆದರೆ ಕರ್ಣನು ಅಳಿಯಲೇಬೇಕೆಂಬುದನ್ನು ತಾಳಮದ್ದಳೆಯ ಪ್ರೇಕ್ಷಕನು ಮನೆಯಿಂದಲೇ ಅರಿತು ಬಂದಿರುತ್ತಾನೆ; 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ಅವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂಲಕ ಲೋಕಕ್ಕಿತ್ತ ಈ ಆಟದ ಪದ್ಧತಿಯಲ್ಲಾದರೋ ಕೊನೆಯನ್ನು ಯಾರೂ ಅರಿಯರು, ಸಂದೇಹದ ಗಳಿಗೆಯಲ್ಲಿ ತೀರ್ಪು ಕೊಡುವುದು ದಾಳ. ಎಕ್ಲಿಪ್ಸ್ ಫೇಸ್‌ನಲ್ಲಿ ಹತ್ತು ಮುಖದ ಎರಡು ದಾಳಗಳನ್ನು ಎಸೆದು, ಬಂದ ಸಂಖ್ಯೆಯು ಪಾತ್ರದ ಪರಿಣತಿಯ ಅಂಕೆಯನ್ನು ಮೀರದಿದ್ದರೆ ಕಾರ್ಯವು ಕೈಗೂಡಿತೆಂದು ಎಣಿಸುವರು.

ಮನುಷ್ಯನು ತನ್ನ ದೇಹವನ್ನು ಮೀರಬಲ್ಲನೆಂಬ, ಈ ಆಟದ ಹಿಂದಿರುವ ವಿಚಾರಧಾರೆಗೆ ದೀರ್ಘವಾದ ವಂಶಾವಳಿಯುಂಟು. ಬ್ರಿಟನ್ನಿನ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರು 1923ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ‘ಡೀಡಲಸ್’ ಉಪನ್ಯಾಸದಲ್ಲಿ ಜೀವವಿಜ್ಞಾನವು ಮನುಷ್ಯನ ಹುಟ್ಟನ್ನೇ ಮಾರ್ಪಡಿಸುವ ಕಾಲವನ್ನು ಕಲ್ಪಿಸಿದರು. 1929ರಲ್ಲಿ ವಿಜ್ಞಾನಿ ಜೆ. ಡಿ. ಬರ್ನಾಲರು ದೇಹವನ್ನು ಕಳಚಿ ಯಂತ್ರದೊಳಗೆ ಬಾಳುವ ಮಿದುಳನ್ನು ಊಹಿಸಿದರು. 1957ರಲ್ಲಿ ಜೂಲಿಯನ್ ಹಕ್ಸ್ಲಿಯವರು ಮನುಕುಲವು ತನ್ನನ್ನು ತಾನೇ ಮೀರಬಲ್ಲದೆಂಬ ನಂಬುಗೆಯನ್ನು ‘ಟ್ರಾನ್ಸ್‌ಹ್ಯೂಮನಿಸಂ’ ಎಂಬ ಶೀರ್ಷಿಕೆಯ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಹಾಲ್ಡೇನರು ಅದೇ ವರ್ಷ ಭಾರತಕ್ಕೆ ಬಂದು ನೆಲಸಿ, ಈ ದೇಶದ ಪೌರತ್ವವನ್ನು ಸ್ವೀಕರಿಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರೆಂಬುದನ್ನು ನೆನೆದಾಗ ಈ ವಿಚಾರವು ನಮಗೆ ತೀರ ಹೊರಗಿನದೆಂದು ನನಗೆ ತೋರುವುದಿಲ್ಲ.

ಆಟದ ಕಥೆಯು ಪ್ರಳಯವೊಂದು ಕಳೆದ ಹತ್ತು ವರ್ಷಗಳ ಅನಂತರ ಆರಂಭವಾಗುತ್ತದೆ. ಯುದ್ಧಕಾರ್ಯಕ್ಕೆಂದು ನಿರ್ಮಿತವಾದ ‘ಟೈಟನ್’ ಎಂಬ ಕೃತಕ ಬುದ್ಧಿಗಳು ತಮ್ಮನ್ನು ತಾವೇ ಬೆಳಸಿಕೊಂಡು, ಭೂಮಿಯನ್ನು ಪಾಳುಗೆಡವಿ, ಮನುಕುಲದ ಬಹುಪಾಲನ್ನು ನಾಶಮಾಡಿ, ಅಸಂಖ್ಯ ಮನಸ್ಸುಗಳನ್ನು ಬಲಾತ್ಕಾರವಾಗಿ ಸೆಳೆದುಕೊಂಡು ಕಣ್ಮರೆಯಾಗಿವೆ. ಉಳಿದವರು ಮಂಗಳನ ಮೇಲೆ, ಶುಕ್ರನ ಮೇಘಗಳಲ್ಲಿ ತೇಲುವ ನಗರಗಳಲ್ಲಿ, ಕ್ಷುದ್ರಗ್ರಹಗಳ ಗರ್ಭದಲ್ಲಿ, ಶನಿಯ ಉಪಗ್ರಹಗಳಲ್ಲಿ ಚದುರಿ ಬಾಳುತ್ತಿರುವರು. ಈ ಕಾಲದ ಮನುಷ್ಯನ ತಲೆಬುರುಡೆಯ ಬುಡದಲ್ಲಿ, ಕೃತಕ ವಜ್ರದ ಕವಚದೊಳಗೆ, ದ್ರಾಕ್ಷಿಯ ಗಾತ್ರದ ‘ಕಾರ್ಟಿಕಲ್ ಸ್ಟ್ಯಾಕ್’ ಎಂಬ ಯಂತ್ರವಿದ್ದು ಅದು ಅವನ ಮನಸ್ಸನ್ನು ಎಡೆಬಿಡದೆ ದಾಖಲಿಸುತ್ತಿರುತ್ತದೆ. ದೇಹವಳಿದರೆ ಆ ದಾಖಲೆಯನ್ನು ಬೇರೊಂದು ದೇಹದಲ್ಲಿ ನೆಲೆಗೊಳಿಸುವರು. ಮನಸ್ಸಿಗೆ ‘ಈಗೋ’ ಎಂದೂ ದೇಹಕ್ಕೆ ‘ಮಾರ್ಫ್’ ಎಂದೂ ಆಟಗಾರರು ಹೇಳುತ್ತಾರೆ.

ತಲೆಯಾವುದು ದೇಹವಾವುದು, ಅವುಗಳಲ್ಲಿ ಮನುಷ್ಯನಾವನು ಎಂಬ ಸಂದೇಹವು ಕನ್ನಡಿಗರಿಗೆ ಹೊಸದಲ್ಲ. ಬೇತಾಳನು ವಿಕ್ರಮನಿಗೆ ಹಾಕಿದ ಆ ಒಗಟನ್ನು ಗಿರೀಶ ಕಾರ್ನಾಡರು 1971ರ ‘ಹಯವದನ’ ನಾಟಕದಲ್ಲಿ ಮತ್ತೆ ಕೈಗೆತ್ತಿಕೊಂಡು, ರಾಜನು ಸುಲಭವಾಗಿ ಇತ್ತ ಉತ್ತರವು ನಾಯಕಿ ಪದ್ಮಿನಿಯ ಬಾಳಿನಲ್ಲಿ ನಿಲ್ಲಲಾರದುದನ್ನು ತೋರಿಸಿದರು. ಈ ಆಟವು ಅದೇ ಒಗಟನ್ನು ಆಟಗಾರನ ಮೇಲೆಯೇ ಹೇರುತ್ತದೆ. ಹೊಸ ದೇಹದಲ್ಲಿ ಕಣ್ದೆರೆದವನು ಆ ಅಂಗಾಂಗಗಳಿಗೆ ಹೊಂದಿಕೊಂಡನೆ, ಕನ್ನಡಿಯಲ್ಲಿ ಕಂಡ ಮುಖವನ್ನು ತನ್ನದೆಂದು ಒಪ್ಪಿದನೆ, ಸಾವಿನಿಂದ ತುಂಡಾದ ತನ್ನ ಬಾಳಿನ ಎಳೆಯನ್ನು ಮರಳಿ ಹಿಡಿದನೆ ಎಂಬುದನ್ನು ಮೊದಲ ಆವೃತ್ತಿಯಲ್ಲಿ ಬೇರೆ ಬೇರೆ ಪರೀಕ್ಷೆಗಳಿಂದ ದಾಳವೆಸೆದು ನಿರ್ಣಯಿಸಬೇಕು. ಸೋತರೆ ಮನಸ್ಸು ಬಿರಿಯುತ್ತದೆ.

ಈ ಆಟದಲ್ಲಿ ನನ್ನ ಮನಸ್ಸನ್ನು ಅತ್ಯಂತ ಕಲಕುವ ಸಂದರ್ಭವೊಂದುಂಟು. ತಂಡವೊಂದು ದೂರದ ಠಾಣೆಯಲ್ಲಿ ಅಳಿಯುತ್ತದೆ; ಅಳಿಯುವ ಮುನ್ನ ಒಬ್ಬಳು ಉಳಿದವರಿಗಾಗಿ ತನ್ನ ಪ್ರಾಣವನ್ನು ಒಪ್ಪಿಸಿದ್ದಾಳೆ; ಸ್ಟ್ಯಾಕುಗಳು ಸಿಗುವುದಿಲ್ಲ, ಆದ್ದರಿಂದ ಎಲ್ಲರನ್ನೂ ಪ್ರಯಾಣಕ್ಕೆ ಮೊದಲು ಕಾದಿರಿಸಿದ ಹಳೆಯ ದಾಖಲೆಯಿಂದ ಎಬ್ಬಿಸುತ್ತಾರೆ. ಎದ್ದವರಿಗೆ ಆ ತ್ಯಾಗದ ಅರಿವೇ ಇಲ್ಲ, ಅದನ್ನು ಮಾಡಿದವಳಿಗೂ ಇಲ್ಲ. ಆದರೆ ಮೇಜಿನ ಸುತ್ತ ಕುಳಿತವರಿಗೆ ಎಲ್ಲವೂ ನೆನಪಿದೆ! ತಾನು ಬಲ್ಲುದನ್ನು ತನ್ನ ಪಾತ್ರವು ಅರಿಯದೆಂಬ ನೋವನ್ನು ಹೊತ್ತುಕೊಂಡೇ ಆಟಗಾರನು ಮುಂದಿನ ಮಾತನ್ನಾಡಬೇಕು. ಓದುಗನೂ ಪ್ರೇಕ್ಷಕನೂ ಇಂಥ ಅರಿವನ್ನು ದೂರದಿಂದ ಅನುಭವಿಸಬಲ್ಲರು. ತನ್ನದೇ ಬಾಯಿಂದ ಆ ಅಜ್ಞಾನವನ್ನು ನುಡಿಯಬೇಕಾದವನು ಆಟಗಾರನೊಬ್ಬನೇ.

ಆದರೂ ಈ ಆಟದ ಹಿರಿಮೆಯನ್ನು ನಾನು ಆತ್ಮವಿಚಾರದಲ್ಲಿ ಕಾಣುವುದಕ್ಕಿಂತ ಅದರ ಸಮಾಜಚಿತ್ರದಲ್ಲಿ ಹೆಚ್ಚಾಗಿ ಕಾಣುತ್ತೇನೆ. ಭೂಮಿಯು ಉರಿಯುತ್ತಿದ್ದಾಗ ಕೋಟ್ಯಂತರ ಜನರು ತಪ್ಪಿಸಿಕೊಂಡದ್ದು ನೌಕೆಗಳಲ್ಲಲ್ಲ. ದೇಹವನ್ನು ಬಿಟ್ಟು, ಬರಿಯ ಮನಸ್ಸುಗಳಾಗಿ, ಸಂಕೇತದ ರೂಪದಲ್ಲಿ. ಅವರಿಗೆ ನಿಲ್ಲಲು ನೆಲವಿಲ್ಲದುದು ಮಾತ್ರವಲ್ಲ, ನಿಲ್ಲಲು ಕಾಲೂ ಇಲ್ಲ. ಸಿರಿವಂತನು ರೋಗವರಿಯದ ಸುಂದರ ದೇಹಗಳನ್ನು ಋತುವಿಗೊಂದರಂತೆ ತೊಡುತ್ತಿರುವಾಗ, ಈ ನಿರಾಶ್ರಿತನು ತಗಡಿನಂಥ ಅಗ್ಗದ ಯಂತ್ರದೇಹವೊಂದಕ್ಕಾಗಿ ಕರಾರುಪತ್ರಕ್ಕೆ ಒಪ್ಪಿ ವರ್ಷಾನುಗಟ್ಟಲೆ ದುಡಿಯುತ್ತಾನೆ. ಇದು ಜೀತವಲ್ಲದೆ ಮತ್ತೇನು? ಜೀತಪದ್ಧತಿಯನ್ನು 1976ರಲ್ಲಷ್ಟೆ ಶಾಸನದಿಂದ ರದ್ದುಗೊಳಿಸಿದ ದೇಶದವರಾದ ನಮಗೆ, ಕರಾರಿಗೆ ಸಿಲುಕಿ ಮಾರಿಷಸ್ಸಿಗೂ ಫೀಜಿಗೂ ಹಡಗು ಹತ್ತಿದವರ ನೆನಪುಳ್ಳ ನಮಗೆ, ಈ ಚಿತ್ರವು ಭವಿಷ್ಯದ ಕಲ್ಪನೆಯೆಂದು ಹೇಗೆ ತೋರೀತು? ಹಿಂದೆ ಸಾಲಗಾರನು ದೇಹವನ್ನು ಒತ್ತೆಯಿಟ್ಟು ದುಡಿದನು. ಇಲ್ಲಿ ದೇಹವನ್ನು ಪಡೆಯಲೆಂದೇ ಮನಸ್ಸನ್ನು ಒತ್ತೆಯಿಡುತ್ತಾನೆ. ಅಮರತ್ವವು ವಿಕ್ರಯದ ವಸ್ತುವಾದೊಡನೆ ಬಡತನವು ಮನುಷ್ಯನ ಮಾಂಸಮೂಳೆಗಳವರೆಗೆ ಇಳಿಯುತ್ತದೆಂಬುದನ್ನು ಈ ಕರ್ತೃಗಳು ಕಂಡಿರುವರು. ತಮ್ಮ ಲೋಕವನ್ನು ಅದರ ಮೇಲೆಯೇ ನಿಲ್ಲಿಸಿರುವರು.

ಒಳಗ್ರಹಗಳಲ್ಲಿ ವಾಣಿಜ್ಯಸಂಸ್ಥೆಗಳ ಒಕ್ಕೂಟ ಆಳುತ್ತದೆ. ಹೊರಗ್ರಹಗಳಲ್ಲಿ ಹಣವನ್ನೇ ತೊರೆದು, ನೆರೆಯವರಿಗೆ ಮಾಡಿದ ಉಪಕಾರದಿಂದ ದೊರೆತ ಕೀರ್ತಿಯನ್ನೇ ನಾಣ್ಯವಾಗಿ ಬಳಸುವ ಸ್ವಾಯತ್ತ ಸಮಾಜಗಳಿವೆ. ಗುರುಗ್ರಹದ ಸುತ್ತಣ ಸೈನಿಕಾಡಳಿತವೊಂದು ಮನಸ್ಸಿನ ಪ್ರತಿಕೃತಿಯನ್ನು ಪಾಪವೆಂದು ಬಗೆದು ದೇಹಾಂತರವನ್ನು ನಿರಾಕರಿಸುತ್ತದೆ. ಮೊದಲ ಆವೃತ್ತಿಯು ಗುರುಗ್ರಹದ ಈ ಜೋವಿಯನ್ನರಿಗೆ ಪೂರ್ಣ ನ್ಯಾಯವನ್ನು ಒದಗಿಸಿಲ್ಲವೆಂಬುದು ನನ್ನ ಅಭಿಪ್ರಾಯ. ಅವರ ಆಡಳಿತವು ಕ್ರೂರವಾದರೂ ಅವರ ಸಂದೇಹವು ಕ್ಷುದ್ರವಾದುದಲ್ಲ, ಅದನ್ನು ಆಡಿ ತೋರಿಸುವ ಸಮರ್ಥ ಆಟಗಾರನಿದ್ದರೆ ಇಡೀ ಮೇಜಿನ ವಾದಕ್ಕೆ ಬೆನ್ನೆಲುಬು ಬರುತ್ತದೆ. ಇಂಥ ಪರಸ್ಪರ ವಿರೋಧಿಗಳೇ ‘ಫೈರ್‌ವಾಲ್’ ಎಂಬ ಗುಪ್ತಸಂಘದಲ್ಲಿ ಕೂಡಿ, ಅಳಿದುಳಿದ ಮನುಕುಲವನ್ನು ಕಾಯಲು ಹೊರಡುವುದು ಆಟದ ಸಾಮಾನ್ಯ ಕಥಾವಸ್ತು.

ಹಂಚಿಕೊಂಡು ಬಾಳುವ ಸಮಾಜವನ್ನು ಪುಟದಲ್ಲಿ ಚಿತ್ರಿಸಿದ ಕರ್ತೃಗಳು ತಮ್ಮ ಪುಸ್ತಕವನ್ನೂ ಅದೇ ನಿಯಮಕ್ಕೆ ಒಳಪಡಿಸಿದರು. ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದಿದೆ: ಕರ್ತೃಗಳ ಹೆಸರನ್ನು ಹೇಳಿ, ಲಾಭಕ್ಕಾಗಿ ಮಾರದೆ, ತಾನು ಸೇರಿಸಿದುದನ್ನೂ ಅದೇ ಷರತ್ತಿನಡಿ ಬಿಟ್ಟುಕೊಡುವುದಾದರೆ ಯಾರು ಬೇಕಾದರೂ ಅದನ್ನು ಹಂಚಬಹುದು, ತಿದ್ದಬಹುದು, ಹಿಗ್ಗಿಸಬಹುದು. ಜೀವನೋಪಾಯಕ್ಕೆ ಬರೆಯುವವರು ಹೀಗೆ ಮಾಡಿದುದು ಸಣ್ಣ ಧೈರ್ಯವಲ್ಲ.

ತರುಣ ಮಿತ್ರರೆ, ಆ ಔದಾರ್ಯವು ನಿಮಗೊಂದು ದಾರಿಯನ್ನು ತೆರೆದಿದೆ. ಈ ಆಟವನ್ನು ಕನ್ನಡದಲ್ಲಿ ಆಡಿರಿ. ಜೀತದ ದೇಹದಲ್ಲಿರುವವನು ತನ್ನ ಒಡೆಯನೊಡನೆ ಯಾವ ಕನ್ನಡವನ್ನಾಡಿಯಾನು, ತನ್ನದೇ ಪ್ರತಿಕೃತಿಯನ್ನು ಒಬ್ಬಳು ತಂಗಿಯೆಂದು ಕರೆದಾಳೆ ಅಥವಾ ನಾನೆಂದೇ ಕರೆದಾಳೆ ಎಂಬುದನ್ನು ಮೇಜಿನ ಸುತ್ತ ಕುಳಿತು ಕಂಡುಕೊಳ್ಳಿರಿ. ಚೆನ್ನಾಗಿ ಬಂದ ಕಥಾನಕಗಳನ್ನು ಬರೆದಿಟ್ಟು, ಅದೇ ಷರತ್ತಿನಡಿ, ಮುಂದಿನ ಮೇಳಕ್ಕೆ ಬರುವ ಹೊಸಬರ ಕೈಗೆ ಉಚಿತವಾಗಿ ಕೊಡಿರಿ. ಇಂದು ಮೊದಲ ಸಲ ಬಂದವರನ್ನು ನೋಡುತ್ತ ನಿಲ್ಲಗೊಡದೆ ನಿಮ್ಮ ಪಕ್ಕದಲ್ಲಿಯೇ ಕೂರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತ, ಈ ಮೇಳವು ಉದ್ಘಾಟಿತವಾಯಿತೆಂದು ಬಹು ಸಂತೋಷದಿಂದ ಘೋಷಿಸುತ್ತೇನೆ.