ಕರಟದ ಚಹಾ ಮತ್ತು ‘ಯಂಡುಗುಂಡು’
(ಡೊಂಬಿವಲಿಯಲ್ಲಿ ನಮ್ಮ ಸಂಘದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



‘ಹೊರನಾಡ ಕನ್ನಡಿಗನ ಅನುಭವ’ ಎಂಬ ವಿಷಯವನ್ನು ತಾವು ನನಗೆ ವಹಿಸಿದ್ದೀರಿ. ಈ ವಿಷಯ ಸಿಕ್ಕಿದೊಡನೆ ನಾವೆಲ್ಲ ಉಂಡ ಅವಮಾನಗಳ ಪಟ್ಟಿಯನ್ನು ಬಿಚ್ಚುವುದು ವಾಡಿಕೆ. ನಾನೂ ಅಲ್ಲಿಂದಲೇ ಪ್ರಾರಂಭಿಸುತ್ತೇನೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಜಮೆಯನ್ನು ತೋರಿಸಿ ಖರ್ಚನ್ನು ಮುಚ್ಚಿಟ್ಟಂತಾಗುತ್ತದೆ. ಕೇಂದ್ರ ಸರಕಾರದ ಕಚೇರಿಯಲ್ಲಿ ಮೂವತ್ತು ವರ್ಷ ಅನ್ಯರ ಲೆಕ್ಕಗಳನ್ನು ತಪಾಸಣೆ ಮಾಡಿದ ನನಗೆ ಅದು ಶೋಭಿಸದು.

ನಾನು ಹುಟ್ಟಿದ್ದು 1969ರಲ್ಲಿ. 1966ರ ಜೂನ್ 19ರಂದು ಸ್ಥಾಪನೆಯಾದ ಶಿವಸೇನೆಯ ಆರಂಭದ ಅಸ್ತ್ರವೇ ದಾಕ್ಷಿಣಾತ್ಯ ವಿರೋಧವಾಗಿತ್ತೆಂಬುದು, ‘ಲುಂಗಿ ಹಟಾವ್’ ಘೋಷಣೆ ಮತ್ತು ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲುಗಳು, ಹಿರಿಯರಾದ ತಮಗೆ ನಾನು ಹೇಳಬೇಕಾದ್ದಲ್ಲ. 1969ರ ಫೆಬ್ರವರಿಯಲ್ಲಿ ಗಡಿ ಪ್ರಶ್ನೆಯ ಮೇಲೆ ಮುಂಬಯಿ ಹೊತ್ತಿ ಉರಿಯಿತು. ಹಲವರು ಜೀವ ಕಳೆದುಕೊಂಡರು. ಕೋಟೆ ಭಾಗದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆ ಆಗ ಎರಡು ರಾತ್ರಿ ಮನೆಗೆ ಬರಲಾಗದೆ ಅಲ್ಲಿಯೇ ಉಳಿದರಂತೆ. ಡೊಂಬಿವಲಿಯ ಚಾಳಿನಲ್ಲಿ ಬಸುರಿಯಾಗಿದ್ದ ತಾಯಿ ಒಬ್ಬರೇ. ಪಕ್ಕದ ಖೋಲಿಯ ಮರಾಠಿ ಮಾವಶಿ ಬಂದು, ನಮ್ಮ ಬಾಗಿಲ ಮೇಲಿದ್ದ ಕನ್ನಡ ಹೆಸರಿನ ಫಲಕವನ್ನು ತೆಗೆದು ತಮ್ಮ ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟರು. ಆ ಎರಡು ರಾತ್ರಿ ನಮ್ಮಮ್ಮ ಮಲಗಿದ್ದು ಆ ಮಾವಶಿಯ ಮಗ್ಗುಲಲ್ಲಿ.

ಮರಾಠಿ ಶಾಲೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ‘ಮದ್ರಾಸಿ’, ‘ಕಾಳ್ಯಾ ಅಣ್ಣಾ’ ಎನ್ನುತ್ತಿದ್ದರು. ನಾನು ಬಾಯಿ ತೆರೆದರೆ ಸಾಕು, ‘ಯಂಡುಗುಂಡು, ಯಂಡುಗುಂಡು’ ಎಂದು ಹಿಂದಿನ ಬೆಂಚಿನವರು ರಾಗ ತೆಗೆಯುತ್ತಿದ್ದರು. ನಮ್ಮ ಭಾಷೆ ಅವರ ಕಿವಿಗೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕೇಳುತ್ತದೆಂಬ ಅರ್ಥ. ಮೂರನೆಯ ಇಯತ್ತೆಯ ಹೊತ್ತಿಗೆ ನಾನು ಬೀದಿಯಲ್ಲಿ ತಾಯಿಯೊಡನೆ ಕನ್ನಡ ಮಾತನಾಡುವುದನ್ನು ಬಿಟ್ಟೆ. ಸ್ಟೇಶನ್ನಿನಲ್ಲಿ ಅವಳು ‘ಬಾರೋ’ ಎಂದರೆ ಕೇಳಿಸದವನಂತೆ ನಿಲ್ಲುತ್ತಿದ್ದೆ. ಈ ಭಾಗ ತಮಗೆಲ್ಲ ಪರಿಚಿತ, ಬೆಳೆಸುವುದಿಲ್ಲ.

ಮೇ ತಿಂಗಳ ರಜೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಅಜ್ಜನ ಮನೆಗೆ ಹೋಗುತ್ತಿದ್ದೆವು. ನಮ್ಮದು ಹವ್ಯಕರ ಅಡಿಕೆ ತೋಟದ ಮನೆ. ಗದ್ದೆ, ತೋಟ, ಸೊಪ್ಪು ಹೊರುವುದು, ಎಲ್ಲಕ್ಕೂ ಸಿದ್ದಿ ಜನರೇ ಆಳುಗಳು. ಗುಂಗುರು ಕೂದಲು, ಕಡುಗಪ್ಪು ಮೈ. ಪೋರ್ತುಗೀಜರು ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸಿದ್ದಿಗಳಲ್ಲಿ ಬಹುಪಾಲು ಅವರ ಸಂತತಿ. ಹಿಂದೂ, ಮುಸಲ್ಮಾನ, ಕ್ರೈಸ್ತ, ಮೂರು ಮತದವರೂ ಇದ್ದಾರೆ. ಮನೆಮಾತು ಕೊಂಕಣಿ. ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ನನಗೆ ತಿಳಿದಿದ್ದು ಇಷ್ಟೇ: ಅವರಿಗೆ ಅಂಗಳದ ಮೂಲೆಯಲ್ಲಿ ಅಡಿಕೆ ಹಾಳೆಯ ಮೇಲೆ ಅನ್ನ, ತೆಂಗಿನ ಕರಟದಲ್ಲಿ ಚಹಾ. ಮೇಲಿನಿಂದ ಸುರಿಯಬೇಕು, ತಗಲಬಾರದು. ಉಂಡ ಜಾಗವನ್ನು ಅವರೇ ಸಗಣಿ ಹಾಕಿ ಬಳಿದು ಹೋಗಬೇಕು.

ಅವರಲ್ಲಿ ನನ್ನ ಓರಗೆಯ ಹುಡುಗನೊಬ್ಬನಿದ್ದ. ಹಳ್ಳದ ಗುಂಡಿಯಲ್ಲಿ ನನಗೆ ಈಜು ಕಲಿಸಿದವನು ಅವನೇ. ನೀರಿನಲ್ಲಿ ಮುಟ್ಟಬಹುದು, ಅಂಗಳದಲ್ಲಿ ಮುಟ್ಟಬಾರದು. ‘ಮಾಣಿ, ಅವನ ಮುಟ್ಟಡ’ ಎಂದು ಅಮ್ಮಮ್ಮ ಜಗುಲಿಯಿಂದ ಕೂಗುವಳು. ಒಂದು ದಿನ ಅವನು ತನ್ನ ತಾಯಿಯೊಡನೆ ತಮ್ಮ ಕೊಂಕಣಿಯಲ್ಲಿ ಏನೋ ಮಾತನಾಡುತ್ತಿದ್ದ. ಜಗುಲಿಯ ಮೇಲೆ ಭಾವಂದಿರೆಲ್ಲ ಕುಳಿತಿದ್ದರು. ನಾನು ಎದ್ದು ನಿಂತು, ಕೈ ತಟ್ಟಿ, ‘ಯಂಡುಗುಂಡು, ಯಂಡುಗುಂಡು, ಕರಿಯ’ ಎಂದು ಹಾಡಿದೆ. ಜಗುಲಿ ನಕ್ಕಿತು. ಡೊಂಬಿವಲಿಯಲ್ಲಿ ಎಂದೂ ಸಿಗದಿದ್ದ ಆ ನಗು ನನಗೆ ಎಷ್ಟು ಹಿತವಾಯಿತೆಂದು ಈಗಲೂ ನೆನಪಿದೆ. ಆ ಹುಡುಗ ನಗಲಿಲ್ಲ, ಅಳಲಿಲ್ಲ. ಕರಟವನ್ನು ಕೆಳಗಿಟ್ಟು ತಾಯಿಯ ಹಿಂದೆ ಹೋದ. ಆ ರಜೆಯಲ್ಲಿ ಮತ್ತೆ ಹಳ್ಳಕ್ಕೆ ಬರಲಿಲ್ಲ.

ಮುಂದೆ ನಾನು ಇತಿಹಾಸದಲ್ಲಿ ಎಂ.ಎ. ಮಾಡಿದೆ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟಗೊಂಡು, ಅಹಮದನಗರದ ನಿಜಾಮಶಾಹಿಯ ಸೂತ್ರವನ್ನೇ ಹಿಡಿದು 1626ರಲ್ಲಿ ತೀರಿಕೊಳ್ಳುವವರೆಗೆ ಮೊಗಲರಿಗೆ ತಲೆನೋವಾಗಿದ್ದ ಮಲಿಕ್ ಅಂಬರನ ಮೇಲೆ ಪುಟಗಟ್ಟಲೆ ಬರೆದೆ. 1624ರ ಭಾತವಡಿ ಯುದ್ಧದಲ್ಲಿ ಶಹಾಜಿ ಈ ಹಬ್ಶಿಯ ಪಕ್ಷದಲ್ಲಿ ಕಾದಿದ್ದನ್ನೂ ಬರೆದೆ. ಬಿಜಾಪುರದ ಇಖ್ಲಾಸ್ ಖಾನ, ಜಂಜೀರೆಯ ಸಿದ್ದಿಗಳು, ಯಾರನ್ನೂ ಬಿಡಲಿಲ್ಲ. ಒಳ್ಳೆಯ ಅಂಕಗಳೂ ಬಂದವು. ಅಂಗಳದ ಮೂಲೆಯಲ್ಲಿ ಕರಟ ಹಿಡಿದು ಕುಳಿತವರು ಅದೇ ಚರಿತ್ರೆಯ ಮಂದಿ ಎಂದು ಒಮ್ಮೆಯೂ ಹೊಳೆಯಲಿಲ್ಲ. ವಿದ್ಯೆಗೆ ಇಂಥ ಶಕ್ತಿಯೂ ಇದೆ!

ಈಗ ನಾನಿರುವುದು ನವಿ ಮುಂಬಯಿಯಲ್ಲಿ. 2015ರಲ್ಲಿ ನಮ್ಮ ಹೌಸಿಂಗ್ ಸೊಸಾಯಿಟಿಯ ಕಾರ್ಯದರ್ಶಿಯಾಗಿದ್ದೆ. ಆಫ್ರಿಕದವರಿಗೆ ಯಾರೂ ಮನೆ ಬಾಡಿಗೆಗೆ ಕೊಡಕೂಡದೆಂಬ ಠರಾವು ಬಂದಿತು. ಕಾರಣ ಕೇಳಿದರೆ ‘ಪೇಪರಿನಲ್ಲಿ ಓದುವುದಿಲ್ಲವೆ’ ಎಂದರು. ಎದ್ದು ವಿರೋಧಿಸಿದವರು ಯಾರೂ ಇಲ್ಲ. ‘ಮದ್ರಾಸಿಗಳಿಗೆ ಖೋಲಿ ಇಲ್ಲ’ ಎಂದು ನನ್ನ ತಂದೆಗೆ ಹೇಳಿದ್ದವರ ಮಾತಿಗೂ ಈ ಠರಾವಿಗೂ ಎಷ್ಟು ಅಂತರ? ಆ ಪ್ರಶ್ನೆಯನ್ನು ಅಂದು ನಾನು ಕೇಳಿಕೊಳ್ಳಲಿಲ್ಲ. ನಡಾವಳಿಯನ್ನು ನನ್ನ ಕೈಯಿಂದಲೇ, ಅಂದವಾಗಿ ಬರೆದೆ.

ಮರುವರ್ಷ ಜನವರಿ ಕೊನೆಗೆ ಬೆಂಗಳೂರಿನಲ್ಲಿ ಸೂಡಾನಿನವನೊಬ್ಬನ ಕಾರು ಮಹಿಳೆಯೊಬ್ಬರನ್ನು ಬಲಿ ತೆಗೆದುಕೊಂಡಾಗ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಕನ್ನಡಿಗರ ಔದಾರ್ಯವನ್ನು ಪ್ರತಿ ನವೆಂಬರಿನಲ್ಲಿ ಹೊಗಳಿಕೊಳ್ಳುವ ನಮಗೆ ಆ ಸುದ್ದಿ ಒಂದು ವಾರವೂ ನಿಲ್ಲಲಿಲ್ಲ.

ಅದೇ ವರ್ಷ ಒಂದು ಸಂಜೆ ಗೇಟಿನಿಂದ ವಾಚಮನ್ ಇಂಟರ್‌ಕಾಮಿನಲ್ಲಿ, ‘ಸಾಹೇಬ, ಒಬ್ಬ ನಿಗ್ರೋ ಬಂದಿದ್ದಾನೆ, ಪಾಸ್‌ಪೋರ್ಟ್ ಕೇಳಿದರೆ ಇಲ್ಲವೆನ್ನುತ್ತಾನೆ, ನಿಮ್ಮ ಹೆಸರು ಹೇಳುತ್ತಾನೆ’ ಎಂದ. ಇಳಿದು ಹೋದೆ. ಯಲ್ಲಾಪುರದ ಕಡೆಯ ಸಿದ್ದಿ ತರುಣ. ಉರಣದ ಬಂದರಿನಲ್ಲಿ ಕೆಲಸ ಹುಡುಕಿ ಬಂದವನಿಗೆ ಸೋದರಮಾವ ನನ್ನ ವಿಳಾಸ ಕೊಟ್ಟಿದ್ದರು. ಆಧಾರ್ ಕಾರ್ಡನ್ನು ಎರಡು ಸಲ ತೋರಿಸಿದ್ದ. ಕೊಂಕಣಿಯವನಾದ್ದರಿಂದ ಅವನ ಮರಾಠಿ ವಾಚಮನ್‌ನ ಜೊತೆ ನನ್ನದಕ್ಕಿಂತ ಚೆನ್ನಾಗಿ ಓಡುತ್ತಿತ್ತು. ‘ನಮಸ್ಕಾರ ಸರ್, ನಾ ನಿಮ್ಮ ಊರವ’ ಎಂದ. ಸುತ್ತ ನಿಂತವರ ಮುಂದೆ ‘ಹೌದು, ನಮ್ಮ ಊರವನು’ ಎನ್ನಲು ನನಗೆ ಒಂದು ಕ್ಷಣ ಹಿಡಿಯಿತು. ಸ್ಟೇಶನ್ನಿನಲ್ಲಿ ತಾಯಿಯ ‘ಬಾರೋ’ ಕೇಳಿಸದವನಂತೆ ನಿಂತಿದ್ದ ಹುಡುಗನೇ ಅಂದೂ ಅಲ್ಲಿ ನಿಂತಿದ್ದ.

ಮನೆಗೆ ಕರೆದೊಯ್ದೆ. ಎಂಬತ್ತರ ಸಮೀಪದ ನನ್ನ ತಾಯಿ ಚಹಾ ತಂದಳು. ನನ್ನ ಕಣ್ಣು ಮೊದಲು ಹೋದದ್ದು ಯಾವ ಲೋಟ ಎಂಬುದರ ಮೇಲೆ. ನಾವು ದಿನವೂ ಕುಡಿಯುವ ಸ್ಟೀಲಿನ ಲೋಟವೇ. ಅವಳು ಅವನ ಕೈಗೇ ಕೊಟ್ಟು, ‘ನಿನ್ನ ಅಜ್ಜಿ ಯಾರ ಮನೆ ತೋಟಕ್ಕೆ ಹೋಗ್ತಿದ್ಲು ತಮ್ಮಾ’ ಎಂದು ಕೇಳಿದಳು. ಅವನು ಹೇಳಿದ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಕರಟದಲ್ಲಿ ಕೊಡ್ತಿದ್ವಿ’ ಎಂದಳು. ‘ಅಜ್ಜಿ ಹೇಳ್ತಿದ್ಲು’ ಎಂದ ಅವನು. ಅಷ್ಟೇ ಮಾತು.

ಠರಾವನ್ನು ರದ್ದುಪಡಿಸಬೇಕೆಂದು ಮುಂದಿನ ಸಭೆಯಲ್ಲಿ ಸೂಚಿಸಿದೆ. ನನ್ನದೂ ಸೇರಿ ಮೂರು ಮತ ಬಂದವು, ಸೋತೆ. ಮತ್ತೊಬ್ಬರು ಮತ ಕೊಟ್ಟಿದ್ದು ಬಿಹಾರದ ಗೃಹಸ್ಥರು. 2008ರಲ್ಲಿ ರೈಲ್ವೆ ಪರೀಕ್ಷೆಗೆ ಮುಂಬಯಿಗೆ ಬಂದಿದ್ದ ಉತ್ತರ ಭಾರತದ ಹುಡುಗರು ಹೊಡೆತ ತಿಂದಾಗ ಅವರ ತಮ್ಮನೂ ಅಲ್ಲಿದ್ದನಂತೆ. ಮೂರನೆಯವರು ಅಪ್ಪಟ ಮರಾಠಿ ನಿವೃತ್ತ ಶಿಕ್ಷಕಿ. ಸೊಸಾಯಿಟಿಯ ಇಬ್ಬರು ಕನ್ನಡಿಗರು ಕೈ ಎತ್ತಲಿಲ್ಲ. ಅವರಿಬ್ಬರೂ ನನ್ನ ಮಿತ್ರರೇ. ಎರಡು ವರ್ಷ ಬಿಟ್ಟು ಠರಾವು ರದ್ದಾಯಿತು. ವಾದದಿಂದಲ್ಲ, ಆ ತರುಣ ಅಷ್ಟರಲ್ಲಿ ನಮ್ಮ ಮನೆಗೆ ಬಂದು ಹೋಗುತ್ತ ಎಲ್ಲರಿಗೂ ಪರಿಚಿತನಾಗಿದ್ದನೆಂದು ನನ್ನ ಅಂದಾಜು.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಿದ್ದು 2020ರಲ್ಲಿ. ಇಷ್ಟರ ಮೇಲೂ ಅವರು ಬೆಂಗಳೂರಿಗೆ ಹೋದರೆ ‘ಯಾವ ದೇಶ’ ಎಂಬ ಪ್ರಶ್ನೆ ತಪ್ಪಿಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ಸಿದ್ದಿ ಡಮಾಮಿ ತಂಡವನ್ನು ಕರೆಸುವ ಯೋಚನೆ ಇದೆಯೆಂದು ಕಾರ್ಯದರ್ಶಿಗಳು ತಿಳಿಸಿದರು, ಸಂತೋಷ. ಹನ್ನೆರಡು ಜನ ಬರುತ್ತಾರಂತೆ. ಅವರನ್ನು ಲಾಡ್ಜಿನಲ್ಲಿ ಇಳಿಸುವ ಖರ್ಚನ್ನು ಅಂದಾಜುಪತ್ರದಲ್ಲಿ ನೋಡಿದೆ. ಯಕ್ಷಗಾನದ ಕಲಾವಿದರು ಬಂದಾಗ ನಮ್ಮ ಮನೆಗಳಲ್ಲಿಯೇ ಇಳಿಸಿಕೊಳ್ಳುತ್ತೇವಲ್ಲ! ಆ ಖರ್ಚಿನ ಕಲಮನ್ನು ಹೊಡೆದುಹಾಕಿ ಎಂದು ನನ್ನ ವಿನಂತಿ. ನಮ್ಮ ಮನೆಯಲ್ಲಿ ಮೂವರಿಗೆ ಸ್ಥಳವಿದೆ, ಬರೆದುಕೊಳ್ಳಿ. ಉಳಿದ ಒಂಬತ್ತು ಜನರಿಗಾಗಿ ಕಾಗದವೊಂದನ್ನು ಸಭೆಯಲ್ಲಿ ತಿರುಗಿಸಲು ಅಧ್ಯಕ್ಷರು ಅಪ್ಪಣೆ ಕೊಡಬೇಕು.