ಬೆಂಕಿ ರೋಗವೂ ತಾನೇ ಸಾಯುವ ಜೀವಕೋಶವೂ
(ಸುವರ್ಣ ಮಹೋತ್ಸವದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ದೂರದ ವಿಷಯ ಬೇಡ, ನಮ್ಮ ಗದ್ದೆಯದೇ ಹೇಳುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಭತ್ತ, ನಾಗಮಂಗಲದ ಹೊಲದಲ್ಲಿ ರಾಗಿ, ಕೆ.ಆರ್. ಪೇಟೆಯಲ್ಲಿ ಎರಡೂ. ಎರಡನ್ನೂ ಕಾಡುವುದು ಬೆಂಕಿ ರೋಗ. ಗರಿಯ ಮೇಲೆ ಎರಡು ತುದಿ ಚೂಪಾದ ಮಚ್ಚೆ, ನಡುವೆ ಬೂದಿ ಬಣ್ಣ, ಅಂಚು ಕಂದು. ತೆನೆಯ ಕುತ್ತಿಗೆಗೆ ತಗುಲಿದರಂತೂ ಕಾಳೆಲ್ಲ ಜೊಳ್ಳು. ಇದನ್ನು ತರುವುದು ಒಂದು ಶಿಲೀಂಧ್ರ. (ಭತ್ತದ್ದು ರಾಗಿಗೆ ಸಾಮಾನ್ಯವಾಗಿ ಹತ್ತುವುದಿಲ್ಲ, ಒಂದೇ ಕುಲ, ಬೇರೆ ಬೇರೆ ಬಳಗ.)

ಅಕ್ಕಪಕ್ಕದ ಎರಡು ಭತ್ತದ ತಳಿಗಳಿಗೆ ಒಂದೇ ಶಿಲೀಂಧ್ರ ತಾಗಿದೆ ಎನ್ನಿ. ಒಂದರಲ್ಲಿ ಮಚ್ಚೆ ಬೆಳೆಯುತ್ತಾ ಹೋಗುತ್ತದೆ. ಇನ್ನೊಂದರಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಬಿದ್ದು ಅಲ್ಲಿಗೇ ನಿಲ್ಲುತ್ತದೆ. ಆ ಚುಕ್ಕೆಯಲ್ಲಿರುವುದು ಗಿಡ ತಾನಾಗಿಯೇ ಸಾಯಿಸಿಕೊಂಡ ಜೀವಕೋಶಗಳು. ಮೊದಮೊದಲು ಈ ಶಿಲೀಂಧ್ರಕ್ಕೆ ಜೀವಂತ ಕೋಶವೇ ಬೇಕು. ಸತ್ತ ಕೋಶದಲ್ಲಿ ಅದು ಮುಂದೆ ಹೋಗಲಾರದು. ಹುಲ್ಲಿನ ಮೆದೆಗೆ ಬೆಂಕಿ ಬಿದ್ದರೆ ಪಕ್ಕದ ಹುಲ್ಲನ್ನು ಎಳೆದುಹಾಕಿ ನಡುವೆ ಬಯಲು ಮಾಡುತ್ತೇವಲ್ಲ, ಹಾಗೆ.

ಈ ಸಾವಿಗೆ ಅಪ್ಪಣೆ ಕೊಡುವ ವಂಶವಾಹಿಗಳು ಹಲವಾರಿವೆ. ಒಂದರ ಹೆಸರು ಪೈ-ಟಾ. ಭತ್ತದ 12ನೆಯ ವರ್ಣತಂತುವಿನಲ್ಲಿರುವ ಇದರ ಬರಹವನ್ನು 2000ರಲ್ಲಿ ಪೂರ್ತಿ ಓದಿ ಪ್ರಕಟಿಸಿದರು. ಎರಡು ತುಂಡಾಗಿ ಬರೆದ ಬರಹ ಅದು, ಮಧ್ಯದ ಭಾಗವನ್ನು ಕೋಶ ಕತ್ತರಿಸಿ ಬಿಡುತ್ತದೆ. ಅದರಿಂದಾಗುವ ಪ್ರೋಟೀನಿನಲ್ಲಿ 928 ಅಮೈನೋ ಆಮ್ಲಗಳಿವೆ. 918ನೆಯದು ಅಲನಿನ್ ಆಗಿದ್ದರೆ ಗಿಡ ರೋಗ ತಡೆಯುತ್ತದೆ, ಸೆರಿನ್ ಆಗಿದ್ದರೆ ಇಲ್ಲ. ಇಷ್ಟು ಉದ್ದದ ಸರದಲ್ಲಿ ಒಂದೇ ಮಣಿ! ನನಗೆ ಈಗಲೂ ಇದು ಸೋಜಿಗವೇ.

ರೋಗ ಬಂದ ಮೇಲೆ ಎದ್ದು ಕೂರುವ ವಂಶವಾಹಿಯಲ್ಲ ಇದು. ರೋಗ ಇರಲಿ ಬಿಡಲಿ, ಸದಾ ಸ್ವಲ್ಪ ಸ್ವಲ್ಪವೇ ಪ್ರೋಟೀನು ತಯಾರಾಗುತ್ತಿರುತ್ತದೆ. ಅದು ಕಾವಲುಗಾರನಂತೆ ಸುಮ್ಮನೆ ಕೂತಿರುತ್ತದೆ. ಶಿಲೀಂಧ್ರ ಕೋಶದೊಳಕ್ಕೆ ಬಿಡುವ ಒಂದು ಪ್ರೋಟೀನನ್ನು ಗುರುತಿಸಿದಾಗ ಮಾತ್ರ ಸಾವಿನ ಕೆಲಸ ಶುರು. ಈ ಹಿಡಿತ ಇರಲೇಬೇಕು. ಹಿಡಿತ ತಪ್ಪಿ, ರೋಗವೇ ಇಲ್ಲದೆ ಗರಿ ತುಂಬ ಚುಕ್ಕೆ ಬೀಳುವ ಭತ್ತದ ಗಿಡಗಳೂ ಪ್ರಯೋಗಶಾಲೆಗಳಲ್ಲಿವೆ.

ಇನ್ನು ನಮ್ಮ ತೊಂದರೆಗೆ ಬರೋಣ. ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ತನ್ನ ಆ ಪ್ರೋಟೀನನ್ನು ಬದಲಿಸಿಕೊಂಡರೆ, ಇಲ್ಲವೇ ಕಳೆದುಕೊಂಡರೆ, ಕಾವಲುಗಾರನಿಗೆ ಗುರುತೇ ಸಿಗದು. ನಾಲೆಯ ಉದ್ದಕ್ಕೂ ಎಲ್ಲರೂ ವರ್ಷ ವರ್ಷ ಒಂದೇ ತಳಿ ಹಾಕಿದರೆ, ಹೀಗೆ ಬದಲಾದ ಒಂದು ಶಿಲೀಂಧ್ರಕ್ಕೆ ಇಡೀ ಬಯಲೇ ಊಟದೆಲೆ. ಅದಕ್ಕೇ ತಳಿ ವಿಜ್ಞಾನಿಗಳು ಇಂಥ ಎರಡು ಮೂರು ವಂಶವಾಹಿಗಳನ್ನು ಒಂದೇ ತಳಿಯಲ್ಲಿ ಕೂಡಿಸುತ್ತಾರೆ. ಬಿತ್ತನೆ ಬೀಜ ತರುವಾಗ ಇಳುವರಿ ಒಂದನ್ನೇ ಕೇಳಬೇಡಿ. ಬೆಂಕಿ ರೋಗ ತಡೆಯುತ್ತದೆಯೇ ಎಂದೂ ಕೇಳಿ. ಮಂಡ್ಯದ ವಿ.ಸಿ. ಫಾರಂ ನಮಗೆ ದೂರವೇನಲ್ಲ. ಯೂರಿಯಾವನ್ನು ಒಂದೇ ಸಲ ಸುರಿಯಬೇಡಿ, ಅದು ಈ ರೋಗಕ್ಕೆ ಔತಣ ಕೊಟ್ಟಂತೆ.

ಮಕ್ಕಳೇ, ನಾಟಿಯಾಗಿ ತಿಂಗಳಾದ ಮೇಲೆ ಗದ್ದೆ ಬದುವಿನಲ್ಲಿ ನಿಂತು ಗರಿ ನೋಡಿ. ಎಲ್ಲ ಚುಕ್ಕೆಯೂ ನಾನು ಹೇಳಿದ್ದೇ ಅಲ್ಲ. ಕಂದುಚುಕ್ಕೆ ರೋಗ ಎಂಬುದು ಬೇರೆ ಇದೆ. ಒಂದು ಗರಿಗೆ ದಾರ ಕಟ್ಟಿ ಗುರುತು ಮಾಡಿ. ನಾಲ್ಕು ದಿನ ಬಿಟ್ಟು ಹೋಗಿ, ಚುಕ್ಕೆ ಬೆಳೆದಿದೆಯೋ ನಿಂತಿದೆಯೋ ನೋಡಿ, ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ.